ಗ್ಲ್ಯಾಮ್ ರಾಕ್ ಕೇಳೋಕೆ ಶುರು ಮಾಡೋರಿಗೆ: ಎಲ್ಲಿಂದ ಹಿಡೀಬೇಕು, ಏನು ಕೇಳಿಸ್ಕೋಬೇಕು

ಗ್ಲ್ಯಾಮ್ ರಾಕ್ ಅಂದ್ರೆ ಎಪ್ಪತ್ತರ ದಶಕದ ಬ್ರಿಟನ್ನಿನ ಒಂದು ಥರದ ರಾಕ್ ಸಂಗೀತ, ಆದ್ರೆ ಆ ಹೆಸರು ಹುಡುಕಿದ್ರೆ ಮೊದಲು ಕಣ್ಣಿಗೆ ಬೀಳೋದು ಹಾಡಲ್ಲ, ಫೋಟೋ. ಬೆಳ್ಳಿ ಬಣ್ಣದ ಬೂಟು, ಅದರ ಅಡಿ ಇಟ್ಟಿಗೆಯಷ್ಟು ದಪ್ಪ, ಸ್ಯಾಟಿನ್ ಪ್ಯಾಂಟು, ಕುತ್ತಿಗೆಗೆ ಪುಕ್ಕದ ಶಾಲು, ಕಣ್ಣಿಗೆ ಕಾಡಿಗೆ, ಕೆನ್ನೆ ಮೇಲೆ ಗ್ಲಿಟರ್, ಇಷ್ಟೆಲ್ಲ ಹಾಕ್ಕೊಂಡಿರೋದು ಗಂಡಸ್ರು. ಇದನ್ನ ನೋಡಿ ಬಹಳ ಜನ ಅಲ್ಲಿಗೇ ಬಿಟ್ಟುಬಿಡ್ತಾರೆ, ವೇಷ ಜಾಸ್ತಿ ಹಾಡು ಕಮ್ಮಿ ಇರ್ಬೇಕು ಅಂತ. ಕಾಲೇಜಲ್ಲಿದ್ದಾಗ ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದಿನ ರಾತ್ರಿ ಹಾಸ್ಟೆಲ್ ರೂಮ್‌ಮೇಟ್ ಲೈಟ್ ಆರಿಸಿ ಒಂದು ಹಾಡು ಹಾಕ್ದ, ಯಾರದ್ದು ಅಂತ ಹೇಳ್ಲಿಲ್ಲ, ಹಾಡು ಅರ್ಧ ಆಗೋಷ್ಟರಲ್ಲಿ ನಾನು ಮಂಚದ ಕಬ್ಬಿಣದ ಮೇಲೆ ತಾಳ ಹಾಕ್ತಿದ್ದೆ. ಬೆಳಗ್ಗೆ ಫೋಟೋ ತೋರಿಸ್ದ. ಆಗ ಆ ಮಿನುಗು ಬೇರೆ ಥರಾನೇ ಕಾಣ್ತು, ರಾತ್ರಿ ಕಿವಿಗೆ ಬಿದ್ದಿದ್ದೇ ಈಗ ಆ ಮುಖದ ಮೇಲೆ ಇತ್ತು.

ಈ ಲೇಖನದಲ್ಲಿ ನಾನು ಹೇಳ್ಬೇಕಿರೋದೂ ಅದೇ. ಗ್ಲ್ಯಾಮ್ ರಾಕಲ್ಲಿ ಬಟ್ಟೆ ಬೇರೆ ಹಾಡು ಬೇರೆ ಅಲ್ಲ, ಎರಡೂ ಮಾಡ್ತಿದ್ದ ಕೆಲಸ ಒಂದೇ, ಟೀವಿ ಮುಂದೆ ಕೂತಿರೋ ಹದಿಮೂರು ಹದಿನಾಲ್ಕು ವರ್ಷದ ಮಗುವಿಗೆ ಮೂರೇ ನಿಮಿಷದಲ್ಲಿ ‘ನೀನು ಈ ಮನೆ ಈ ಬೀದಿ ಈ ಸ್ಕೂಲಿಗಿಂತ ದೊಡ್ಡವನು, ಬೇಕಾದ್ರೆ ಬೇರೆ ಯಾರೋ ಆಗ್ಬಹುದು’ ಅಂತ ಅನ್ನಿಸೋ ಹಾಗೆ ಮಾಡೋದು. ಅದನ್ನ ಮನಸ್ಸಲ್ಲಿ ಇಟ್ಕೊಂಡು ಕೇಳಿದ್ರೆ ಎಲ್ಲಾ ಜಾಗಕ್ಕೆ ಬರುತ್ತೆ.

ನಿಮಗೆ ಬೇಕಾಗಿರೋದು ಒಂದು ಒಳ್ಳೆ ಇಯರ್‌ಫೋನು, ದಿನಕ್ಕೆ ಅರ್ಧ ಗಂಟೆಯ ಹಾಗೆ ಒಂದೆರಡು ವಾರ. ರೆಡಿಮೇಡ್ ಪ್ಲೇಲಿಸ್ಟ್ ಬೇಡ, ಯಾಕಂದ್ರೆ ಅದರಲ್ಲಿ ಎಂಬತ್ತರ ದಶಕದ ಅಮೆರಿಕದ ಗ್ಲ್ಯಾಮ್ ಮೆಟಲ್ ಬಂದು ಕಲಸಿಹೋಗುತ್ತೆ. ಮಾಟ್ಲಿ ಕ್ರೂ, ಪಾಯ್ಸನ್, ಇವ್ರೆಲ್ಲ ಲಾಸ್ ಏಂಜಲೀಸ್ ಕಡೆಯ ಕಥೆ, ಹತ್ತು ವರ್ಷ ಆಮೇಲಿಂದು. ನಾವು ಕೇಳೋಕೆ ಹೊರಟಿರೋದು ಬ್ರಿಟನ್ನಿನದು, ಹೆಚ್ಚುಕಮ್ಮಿ 1971ರಿಂದ 1975ರ ತನಕ, ಅಷ್ಟೇ. ಬಹಳ ಚಿಕ್ಕ ಕಾಲ.

ಹೆಜ್ಜೆ 1: ಆ ಕಾಲ ಹೇಗಿತ್ತು ಅಂತ ಐದು ನಿಮಿಷ ಓದಿ

ಇದನ್ನ ಸ್ಕಿಪ್ ಮಾಡ್ಬೇಡಿ ದಯವಿಟ್ಟು. ಅರವತ್ತರ ದಶಕ ಮುಗಿಯೋ ಹೊತ್ತಿಗೆ ರಾಕ್ ಸಂಗೀತ ತುಂಬಾ ಗಂಭೀರ ಆಗ್ಬಿಟ್ಟಿತ್ತು. ಬೀಟಲ್ಸ್ 1970ರಲ್ಲಿ ಒಡೆದುಹೋದ್ರು. ಉಳಿದೋರು ಹತ್ತು ನಿಮಿಷ ಇಪ್ಪತ್ತು ನಿಮಿಷದ ಹಾಡು ಮಾಡ್ತಿದ್ರು, ಜೀನ್ಸು ಗಡ್ಡ ಬಿಟ್ಕೊಂಡು ಪ್ರೇಕ್ಷಕರ ಕಡೆ ನೋಡ್ದೇನೆ ಗಿಟಾರ್ ನುಡಿಸ್ತಿದ್ರು, ಕೇಳೋರೂ ನೆಲದ ಮೇಲೆ ಕೂತ್ಕೊಂಡು ತಲೆ ಆಡಿಸ್ತಿದ್ರು. ಒಳ್ಳೆ ಸಂಗೀತ ಇತ್ತು ಅದರಲ್ಲಿ, ಇಲ್ಲ ಅಂತಲ್ಲ, ಆದ್ರೆ ಸ್ಕೂಲಿಗೆ ಹೋಗೋ ಹುಡುಗ ಹುಡುಗೀರಿಗೆ ಅಂತ ಏನೂ ಇರ್ಲಿಲ್ಲ, ಪಾಕೆಟ್ ಮನೀಲಿ ತಗೊಳೋಕಾಗೋದು ಒಂದು ಸಿಂಗಲ್, ಅಂದ್ರೆ ಒಂದು ಹಾಡಿಗೆ ಅಂತ ಬರೋ ಚಿಕ್ಕ ರೆಕಾರ್ಡು, ಮಾತ್ರ.

ಇನ್ನೊಂದು ವಿಷಯ ಟೀವಿ. 1969ರ ನವೆಂಬರಲ್ಲಿ ಬಿಬಿಸಿ ಒನ್ ಚಾನೆಲ್ಲು ಕಲರಿಗೆ ಬಂತು, ನಿಧಾನಕ್ಕೆ ಮನೆ ಮನೆಗೂ ಕಲರ್ ಟೀವಿ ಬರೋಕೆ ಶುರುವಾಯ್ತು. ಗುರುವಾರ ಸಾಯಂಕಾಲ ‘ಟಾಪ್ ಆಫ್ ದಿ ಪಾಪ್ಸ್’ ಅಂತ ಕಾರ್ಯಕ್ರಮ, ಇಡೀ ದೇಶದ ಮಕ್ಕಳು ಅಪ್ಪ ಅಮ್ಮನ ಪಕ್ಕದಲ್ಲೇ ಕೂತು ನೋಡ್ತಿದ್ರು. ಹೊರಗಡೆ ಬೀದಿಯಲ್ಲಿ ಪರಿಸ್ಥಿತಿ ಚೆನ್ನಾಗಿರ್ಲಿಲ್ಲ, 1972ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ, ಕರೆಂಟ್ ಕಟ್ಟು, 1974ರ ಮೊದಲ ಎರಡು ತಿಂಗಳು ಕರೆಂಟ್ ಉಳಿಸೋಕೆ ಅಂತ ಎಷ್ಟೋ ಉದ್ಯಮಗಳು ವಾರಕ್ಕೆ ಮೂರೇ ದಿನ ಕೆಲಸ ಮಾಡ್ಬೇಕಾಗಿ ಬಂತು. ಅಂಥಾ ಬೂದು ಬಣ್ಣದ ಊರುಗಳಿಗೆ ಟೀವಿಯಿಂದ ಬಣ್ಣ ಬಂತು ಅಂದ್ರೆ ಹೇಗಿರುತ್ತೆ ಅಂತ ಒಂದ್ಸಲ ಯೋಚನೆ ಮಾಡಿ.

ಹೆಜ್ಜೆ 2: ಒಂದೇ ಹಾಡು, ನಾಲ್ಕು ಸಲ

ಈ ಹೆಜ್ಜೆಗೆ ಟೈಮ್ ಕೊಡಿ. ಬೇಕಾದ್ರೆ ಉಳಿದಿದ್ದೆಲ್ಲ ಬಿಟ್ಬಿಡಿ, ಇದೊಂದು ಮಾಡಿ.

ಹಾಡು ಟಿ. ರೆಕ್ಸ್ ಬ್ಯಾಂಡಿನ ‘ಗೆಟ್ ಇಟ್ ಆನ್’, 1971. ಹಾಡಿದ್ದು ಬರೆದಿದ್ದು ಮಾರ್ಕ್ ಬೋಲನ್. ಈತ ಹುಟ್ಟಿದ್ದು 1947ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ, ನಿಜವಾದ ಹೆಸರು ಮಾರ್ಕ್ ಫೆಲ್ಡ್. ಮೊದಲು ಟೈರನೊಸಾರಸ್ ರೆಕ್ಸ್ ಅಂತ ಇಬ್ಬರ ತಂಡ ಮಾಡ್ಕೊಂಡು, ಒಬ್ಬನಿಗೆ ಅಕೌಸ್ಟಿಕ್ ಗಿಟಾರು ಇನ್ನೊಬ್ಬನಿಗೆ ಬಾಂಗೋ, ಚಕ್ಕಳಮಕ್ಕಳ ಹಾಕಿ ಕೂತ್ಕೊಂಡು ಮಾಂತ್ರಿಕರು ಯಕ್ಷಿಣಿಗಳು ಇರೋ ಹಾಡು ಹಾಡ್ತಿದ್ದ. ಆಮೇಲೆ ಎಲೆಕ್ಟ್ರಿಕ್ ಗಿಟಾರ್ ಹಿಡ್ದ, ಹೆಸರನ್ನ ಟಿ. ರೆಕ್ಸ್ ಅಂತ ಚಿಕ್ಕದು ಮಾಡ್ದ, ಹಾಡನ್ನೂ ಚಿಕ್ಕದು ಮಾಡ್ದ. 1971ರ ಮಾರ್ಚಲ್ಲಿ ‘ಹಾಟ್ ಲವ್’ ಹಾಡೋಕೆ ಟಾಪ್ ಆಫ್ ದಿ ಪಾಪ್ಸಿಗೆ ಬಂದಾಗ ಕಣ್ಣಿನ ಕೆಳಗೆ ಗ್ಲಿಟರ್ ಹಚ್ಕೊಂಡಿದ್ದ. ಆ ಐಡಿಯಾ ಅವನ ಬಟ್ಟೆಬರೆ ನೋಡ್ಕೊಳ್ತಿದ್ದ ಚೆಲಿಟಾ ಸೆಕುಂಡಾ ಅವರದ್ದು ಅಂತ ಹೇಳ್ತಾರೆ. ಗ್ಲ್ಯಾಮ್ ರಾಕ್ ಶುರುವಾಗಿದ್ದು ಯಾವತ್ತು ಅಂತ ಕೇಳಿದ್ರೆ ಬಹಳ ಜನ ಬೊಟ್ಟು ಮಾಡಿ ತೋರಿಸೋದು ಆ ಸಾಯಂಕಾಲಾನೇ. ‘ಹಾಟ್ ಲವ್’ ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಯಲ್ಲಿ ಆರು ವಾರ ನಂಬರ್ ಒನ್ ಆಗಿತ್ತು.

ಸರಿ, ಈಗ ‘ಗೆಟ್ ಇಟ್ ಆನ್’ ಹಾಕಿ.

ಮೊದಲನೇ ಸಲ ಡ್ರಮ್ ಮಾತ್ರ ಕೇಳಿ. ಬಿಲ್ ಲೆಜೆಂಡ್ ನುಡಿಸಿರೋದು. ಚಮತ್ಕಾರ ಏನೂ ಇಲ್ಲ, ನಾಲ್ಕರ ಎಣಿಕೆ, ಬಿಡದೆ ಒಂದೇ ನಡಿಗೆ, ಬೂಟು ಹಾಕ್ಕೊಂಡು ಸೊಂಟ ಬಳುಕಿಸ್ತಾ ನಡೆಯೋ ಸ್ಪೀಡು. ಅವಸರ ಇಲ್ಲ ನೋಡಿ. ಅವಸರ ಇಲ್ದೇ ಇರೋದೇ ಗತ್ತು.

ಎರಡನೇ ಸಲ ಗಿಟಾರು. ಇದು ಬೋಲನ್ ಹೊಸದಾಗಿ ಕಂಡುಹಿಡಿದದ್ದೇನಲ್ಲ, ಐವತ್ತರ ದಶಕದ ಅಮೆರಿಕದ ರಾಕ್ ಅಂಡ್ ರೋಲ್ ಗಿಟಾರಿಸ್ಟ್ ಚಕ್ ಬೆರಿ ನುಡಿಸ್ತಿದ್ದ ಬೂಗಿ ಅನ್ನೋ ಉರುಳು ನಡಿಗೆ, ಬೋಲನ್ ಅದನ್ನ ಮುಚ್ಚಿಡೋಕೂ ಹೋಗಿಲ್ಲ, ಹಾಡು ಕರಗ್ತಾ ಹೋಗುವಾಗ ಚಕ್ ಬೆರಿಯ ಒಂದು ಸಾಲನ್ನ ಗೊಣಗಿ ಋಣ ಒಪ್ಕೊಂಡೇ ಹೋಗ್ತಾನೆ. ಗ್ಲ್ಯಾಮ್ ರಾಕ್ ಅಂದ್ರೆ ಭವಿಷ್ಯದ ಬಟ್ಟೆ ಹಾಕ್ಕೊಂಡ ಹಳೇ ರಾಕ್ ಅಂಡ್ ರೋಲ್, ಇದು ಅರ್ಥ ಆದ್ರೆ ಮುಂದಿನ ಎಲ್ಲಾ ಬ್ಯಾಂಡೂ ಅರ್ಥ ಆಗುತ್ತೆ.

ಮೂರನೇ ಸಲ ಹಿಂದಿನ ದನಿಗಳು. ಪಲ್ಲವಿ ಬಂದಾಗ ತಾರಕದಲ್ಲಿ ಹೆಣ್ಣು ದನಿ ಥರ ಕೇಳಿಸುತ್ತಲ್ಲ, ಅದು ಇಬ್ಬರು ಗಂಡಸ್ರು, ಅಮೆರಿಕದ ಮಾರ್ಕ್ ವೋಲ್ಮನ್ ಮತ್ತು ಹೋವರ್ಡ್ ಕೇಲನ್, ಫ್ಲೋ ಅಂಡ್ ಎಡ್ಡಿ ಅಂತ ಕರೀತಿದ್ರು. ಮುಖಕ್ಕೆ ಮಾತ್ರ ಅಲ್ಲ, ದನಿಗೂ ಬಣ್ಣ ಹಚ್ಚಿದ್ದಾರೆ. ಪಿಯಾನೋ ಮೇಲೆ ಬೆರಳು ಸರ್ರಂತ ಜಾರಿಸೋ ಸದ್ದು ರಿಕ್ ವೇಕ್‌ಮನ್ ಅವರದು, ಆಗ ರೂಮ್ ಬಾಡಿಗೆಗೆ ದುಡ್ಡಿರ್ಲಿಲ್ಲ ಅದಕ್ಕೇ ಬಂದು ನುಡಿಸಿ ಹೋದೆ ಅಂತ ಅವರೇ ಎಷ್ಟೋ ಸಲ ಹೇಳ್ಕೊಂಡಿದ್ದಾರೆ.

ನಾಲ್ಕನೇ ಸಲ ಪಿಟೀಲು. ಇಂಥಾ ಒರಟು ಹಾಡಲ್ಲಿ ಪಿಟೀಲಿಗೆ ಏನು ಕೆಲಸ ಅನ್ಸುತ್ತೆ, ಆದ್ರೆ ಪಲ್ಲವಿಯ ಅಡಿಯಲ್ಲಿ ಇದೆ, ಗಮನ ಇಟ್ಟು ಕೇಳಿ. ಅದನ್ನ ತಂದಿದ್ದು ಪ್ರೊಡ್ಯೂಸರ್ ಟೋನಿ ವಿಸ್ಕೊಂಟಿ, ಬ್ರೂಕ್ಲಿನ್ನಿಂದ ಲಂಡನ್ನಿಗೆ ಬಂದು ನೆಲೆಸಿದವರು. ಸೀರೆ ಸಾದಾ ಇದ್ರೂ ಅಂಚಲ್ಲಿ ಒಂದೆಳೆ ಜರಿ ಹಾಕಿದ್ರೆ ಹೇಗಿರುತ್ತೋ ಆ ಪಿಟೀಲು ಹಾಗಿದೆ. ಆ ಅಂಚು ಕೇಳಿಸ್ತು ಅಂದ್ರೆ ಈ ಹೆಜ್ಜೆ ಮುಗೀತು.

ಇಷ್ಟ ಆದ್ರೆ ‘ಎಲೆಕ್ಟ್ರಿಕ್ ವಾರಿಯರ್’ ಆಲ್ಬಮ್ ಪೂರ್ತಿ ಕೇಳಿ, ಆಮೇಲೆ ‘ಮೆಟಲ್ ಗುರು’. ಬೋಲನ್ ಸಾಹಿತ್ಯಕ್ಕೆ ಅರ್ಥ ಹುಡುಕ್ತಾ ಕೂರ್ಬೇಡಿ, ಆ ಪದಗಳನ್ನ ಅವನು ಬಾಯಲ್ಲಿ ಹೇಗೆ ಉರುಳಿಸ್ತಾನೆ ಅನ್ನೋದೇ ಅರ್ಥ.

ಹೆಜ್ಜೆ 3: ಎದ್ದು ನಿಂತ್ಕೊಳ್ಳಿ, ಕಾಲು ಅಪ್ಪಳಿಸೋ ಹಾಡುಗಳು

ಈ ಹೆಜ್ಜೆ ಕೂತ್ಕೊಂಡು ಮಾಡೋಕಾಗಲ್ಲ. ಗ್ಲ್ಯಾಮ್ ರಾಕಲ್ಲಿ ಒಂದು ದೊಡ್ಡ ಗುಂಪು ಬುದ್ಧಿವಂತಿಕೆ ತೋರಿಸೋಕೆ ಹೋಗ್ದೇ ಚಪ್ಪಾಳೆ ಮತ್ತೆ ಕಾಲಿಂದಾನೇ ಹಾಡು ಕಟ್ಟಿದೋರು. ವಿಮರ್ಶಕರು ಇವರನ್ನ ಎರಡನೇ ಸಾಲಲ್ಲಿ ಕೂರಿಸ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ.

ಮೊದಲು ಸ್ಲೇಡ್. ವುಲ್ವರ್‌ಹ್ಯಾಂಪ್ಟನ್ ಕಡೆಯ ಕಾರ್ಮಿಕರ ಮನೆ ಹುಡುಗರು, ಹಾಡೋನು ನಾಡಿ ಹೋಲ್ಡರ್, ಗಂಟಲು ಹರಿದು ಹೋಗುತ್ತೇನೋ ಅನ್ನೋ ಹಾಗೆ ಹಾಡ್ತಾನೆ, ತಲೆ ಮೇಲೆ ಕನ್ನಡಿ ಚೂರು ಅಂಟಿಸಿರೋ ಉದ್ದನೆ ಟೋಪಿ, ಸ್ಟೇಜ್ ಲೈಟು ಅದಕ್ಕೆ ಬಿದ್ರೆ ಹಾಲ್ ತುಂಬಾ ಬೆಳಕಿನ ಚುಕ್ಕಿ. ಗಿಟಾರಿಸ್ಟ್ ಡೇವ್ ಹಿಲ್ ಬಟ್ಟೆಯಂತೂ ಕೇಳ್ಲೇಬೇಡಿ. ಇವರ ಮ್ಯಾನೇಜರ್ ಚಾಸ್ ಚಾಂಡ್ಲರ್, ಹಿಂದೆ ಜಿಮಿ ಹೆಂಡ್ರಿಕ್ಸ್‌ನ ಬೆಳೆಸಿದವರು. ಬ್ರಿಟನ್ನಲ್ಲಿ ಸ್ಲೇಡ್‌ದು ಆರು ಹಾಡು ನಂಬರ್ ಒನ್ ಆಯ್ತು.

ಇವರ ಹಾಡಿನ ಹೆಸರುಗಳ ಸ್ಪೆಲ್ಲಿಂಗ್ ಎಲ್ಲಾ ತಪ್ಪು ತಪ್ಪು, ಬೇಕಂತಾನೇ. ತಮ್ಮ ಊರಲ್ಲಿ ಹೇಗೆ ಮಾತಾಡ್ತಾರೋ ಹಾಗೇ ಬರೆದ್ರು, ನಾನೀಗ ‘ಹೋಗುತ್ತೇನೆ’ ಅನ್ನೋ ಬದಲು ‘ಹೋಗ್ತೀನಿ’ ಅಂತ ಬರೀತಿದ್ದೀನಲ್ಲ ಹಾಗೆ. ನಮ್ಮ ಬಾಯಿಮಾತಿಗೂ ರೆಕಾರ್ಡ್ ಕವರ್ ಮೇಲೆ ಜಾಗ ಇದೆ ಅಂತ ತೋರಿಸಿದ್ದು ಸಣ್ಣ ವಿಷಯ ಅಲ್ಲ. ‘ಕಮ್ ಆನ್ ಫೀಲ್ ದ ನಾಯ್ಸ್’ ಹಾಕಿ (1973, ಬಿಡುಗಡೆ ಆದ ವಾರಾನೇ ನೇರವಾಗಿ ನಂಬರ್ ಒನ್), ಪಲ್ಲವಿ ಬಂದಾಗ ಹಾಡಿ, ಇಂಗ್ಲಿಷ್ ಸರಿಯಾಗಿ ಬರ್ದಿದ್ರೂ ಹಾಡಿ. ಹತ್ತು ವರ್ಷ ಆದ್ಮೇಲೆ ಕ್ವೈಟ್ ರಾಯಟ್ ಅನ್ನೋ ಅಮೆರಿಕನ್ ಬ್ಯಾಂಡ್ ಇದೇ ಹಾಡನ್ನ ಹಾಡಿ ಅಲ್ಲೂ ಹಿಟ್ ಮಾಡ್ತು, ಮೇಲೆ ಹೇಳಿದ ಗ್ಲ್ಯಾಮ್ ಮೆಟಲ್ಲಿಗೂ ಇದಕ್ಕೂ ಇರೋ ಸಂಬಂಧ ಅಲ್ಲಿ ಕಾಣುತ್ತೆ.

ಅವರ ಕ್ರಿಸ್‌ಮಸ್ ಹಾಡಿನ ಕಥೆ ಹೇಳ್ದೆ ಮುಂದೆ ಹೋಗೋಕೆ ಮನಸ್ಸು ಬರ್ತಿಲ್ಲ. 1973ರ ಜುಲೈಯಲ್ಲಿ ಡ್ರಮ್ಮರ್ ಡಾನ್ ಪವೆಲ್ ಕಾರು ಅಪಘಾತ ಆಯ್ತು, ಜೊತೆಗಿದ್ದ ಪ್ರೇಯಸಿ ತೀರ್ಕೊಂಡ್ರು, ಇವನು ಬದುಕಿದ, ಆದ್ರೆ ನೆನಪಿನ ಶಕ್ತಿ ಏಟು ತಿಂತು. ಕೆಲವೇ ವಾರಗಳಲ್ಲಿ ಬ್ಯಾಂಡ್ ಅವನನ್ನ ಕರ್ಕೊಂಡು ನ್ಯೂಯಾರ್ಕಿಗೆ ಹೋಗಿ ಬೇಸಿಗೆ ಸೆಕೆಯಲ್ಲಿ ‘ಮೆರಿ ಕ್ರಿಸ್‌ಮಸ್ ಎವ್ರಿಬಡಿ’ ರೆಕಾರ್ಡ್ ಮಾಡ್ತು, ಪ್ರತಿಧ್ವನಿ ಬರ್ಲಿ ಅಂತ ಪಲ್ಲವೀನ ಕಟ್ಟಡದ ಕಾರಿಡಾರಲ್ಲಿ ನಿಂತು ಹಾಡಿದ್ರು. ಆ ಡಿಸೆಂಬರಲ್ಲಿ ಅದು ನಂಬರ್ ಒನ್, ಈಗಲೂ ಪ್ರತಿ ಡಿಸೆಂಬರಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಕೇಳಿಸುತ್ತೆ. ಆ ಡ್ರಮ್ ಕೇಳುವಾಗ ಪವೆಲ್‌ನ ನೆನೆಸ್ಕೊಳ್ಳಿ.

ಆಮೇಲೆ ದ ಸ್ವೀಟ್. ಇವರ ಹಿಟ್‌ಗಳಲ್ಲಿ ಬಹಳಷ್ಟು ಬರೆದಿದ್ದು ನಿಕ್ಕಿ ಚಿನ್, ಮೈಕ್ ಚಾಪ್‌ಮನ್ ಜೋಡಿ, ಹಿಟ್ ಹಾಡು ತಯಾರಿಸೋ ಕಾರ್ಖಾನೆ ಅಂತಾನೇ ಅನ್ನಬಹುದು. ಸುಜಿ ಕ್ವಾಟ್ರೋಗೂ ಇವರೇ ಬರೆದಿದ್ದು, ಮಡ್ ಅನ್ನೋ ಬ್ಯಾಂಡಿಗೂ ಇವರೇ. ಸ್ವೀಟ್‌ದು ‘ಬಾಲ್‌ರೂಮ್ ಬ್ಲಿಟ್ಸ್’ ಸಾಕು ಶುರುವಿಗೆ. ಒಂದು ಆಟ ಹೇಳ್ತೀನಿ: ಸ್ವೀಟ್‌ನ ‘ಬ್ಲಾಕ್‌ಬಸ್ಟರ್’ ಹಾಕಿ, ಹಿಂದೆಯೇ ಡೇವಿಡ್ ಬೋವಿಯ ‘ದ ಜೀನ್ ಜೀನಿ’ ಹಾಕಿ. ಗಿಟಾರ್ ರಿಫ್ (ಮತ್ತೆ ಮತ್ತೆ ಬರೋ ಚಿಕ್ಕ ಗಿಟಾರ್ ತುಣುಕು) ಹೆಚ್ಚುಕಮ್ಮಿ ಒಂದೇ, ಹಳೇ ಬ್ಲೂಸ್ ಕಡೆಯಿಂದ ಬಂದಿದ್ದು. ಎರಡೂ ಬಂದಿದ್ದು ಹೆಚ್ಚುಕಮ್ಮಿ ಒಂದೇ ಸಮಯಕ್ಕೆ, ಒಂದೇ ರೆಕಾರ್ಡ್ ಕಂಪನಿಯಿಂದ, ಸ್ವೀಟ್ ನಂಬರ್ ಒನ್ ಆಯ್ತು ಬೋವಿ ಎರಡರಲ್ಲೇ ನಿಂತ. ಒಂದೇ ಹಿಟ್ಟು, ಒಬ್ಬರು ಚಕ್ಲಿ ಮಾಡಿದ್ರೆ ಇನ್ನೊಬ್ಬರು ಕೋಡುಬಳೆ ಮಾಡಿದ್ದಾರೆ, ಎರಡರ ರುಚಿ ಹೇಗೆ ಬೇರೆ ಆಯ್ತು ಅಂತ ನೀವೇ ಕಂಡ್ಕೊಳ್ಳಿ.

ಸುಜಿ ಕ್ವಾಟ್ರೋ ಬಗ್ಗೆ ಒಂದು ಮಾತು. ಅಮೆರಿಕದ ಡೆಟ್ರಾಯ್ಟ್‌ನ ಹುಡುಗಿ, ಲಂಡನ್ನಿಗೆ ಬಂದು 1973ರಲ್ಲಿ ‘ಕ್ಯಾನ್ ದ ಕ್ಯಾನ್’ ಹಾಡಿ ನಂಬರ್ ಒನ್ ಆದ್ರು. ಸುತ್ತ ಇರೋ ಗಂಡಸ್ರೆಲ್ಲ ಸ್ಯಾಟಿನ್ನು ಲಿಪ್‌ಸ್ಟಿಕ್ಕು ಅಂತ ಇದ್ದಾಗ ಈಕೆ ಕಪ್ಪು ಲೆದರ್ ಹಾಕ್ಕೊಂಡು, ಮೈಗಿಂತ ದೊಡ್ಡ ಬೇಸ್ ಗಿಟಾರ್ ತಗುಲಿಸ್ಕೊಂಡು ಬ್ಯಾಂಡನ್ನ ಮುಂದೆ ನಿಂತು ನಡೆಸಿದ್ರು. ಬೇಸ್ ಹಿಡಿಯೋ ಆಸೆ ಇರೋ ಹುಡುಗೀರು ಯಾರಾದ್ರೂ ಇದನ್ನ ಓದ್ತಿದ್ರೆ ಆ ವಿಡಿಯೋ ಮೊದಲು ನೋಡಿ.

ಈ ಕಾಲದ ಪಟ್ಟಿಗಳಲ್ಲಿ ಗ್ಯಾರಿ ಗ್ಲಿಟರ್ ಹೆಸರು ಸಿಗುತ್ತೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿ ಕೋರ್ಟಲ್ಲಿ ಅಪರಾಧ ಸಾಬೀತಾಗಿ ಜೈಲಿಗೆ ಹೋದ ಮನುಷ್ಯ. ನಾನು ಕೇಳಲ್ಲ, ಈ ಮಾರ್ಗದರ್ಶಿಯಲ್ಲೂ ಸೇರಿಸಲ್ಲ, ಅವನಿಲ್ಲದೇನೂ ಗ್ಲ್ಯಾಮ್ ಪೂರ್ತಿ ಅರ್ಥ ಆಗುತ್ತೆ.

ಹೆಜ್ಜೆ 4: ಒಂದು ರಾತ್ರಿ, ಒಂದು ಆಲ್ಬಮ್, ಲೈಟ್ ಆಫ್

ಈಗ ಬೋವಿ. 1972ರ ಜೂನಲ್ಲಿ ಬಂದ ಜಿಗ್ಗಿ ಸ್ಟಾರ್‌ಡಸ್ಟ್ ಆಲ್ಬಮ್ಮು. ಸುಮಾರು 38 ನಿಮಿಷ. ಮಧ್ಯದಲ್ಲಿ ಫೋನ್ ಮುಟ್ಬೇಡಿ, ಹಾಡಿನ ಕ್ರಮ ಬದಲಾಯಿಸ್ಬೇಡಿ. ಭೂಮಿಗೆ ಇನ್ನು ಐದೇ ವರ್ಷ ಆಯಸ್ಸು ಅನ್ನೋ ಸುದ್ದಿಯಿಂದ ಶುರುವಾಗುತ್ತೆ, ಮೆಲ್ಲಗೆ ಒಂಟಿ ಡ್ರಮ್ ತಾಳ ದೂರದಿಂದ ಹತ್ತಿರ ಬರುತ್ತೆ, ಅಲ್ಲಿಂದ ಜಿಗ್ಗಿ ಅನ್ನೋ ರಾಕ್ ಸ್ಟಾರ್ ಹುಟ್ಟಿ, ಮೆರೆದು, ಮುರಿದು ಬೀಳ್ತಾನೆ. ಕಥೆ ಅಷ್ಟೇನೂ ಗಟ್ಟಿಯಾಗಿ ಕಟ್ಟಿಲ್ಲ, ಅದನ್ನ ಹಿಡಿಯೋಕೆ ಒದ್ದಾಡ್ಬೇಡಿ. ಕೊನೇ ಹಾಡಲ್ಲಿ ಅವನು ನೀನು ಒಂಟಿ ಅಲ್ಲ ಅಂತ ಕೂಗಿ ಕೈ ಚಾಚ್ತಾನೆ, ಅಲ್ಲಿಗೆ ಬಂದು ಮುಟ್ಟೋದು ಮುಖ್ಯ. ನನಗೆ ಜೀವನದಲ್ಲಿ ಬಹಳ ಕಷ್ಟದ ಒಂದು ವರ್ಷ ಆ ಕೂಗು ಪ್ರತಿ ರಾತ್ರಿ ಬೇಕಾಗಿತ್ತು.

ಈ ಆಲ್ಬಮ್ಮಲ್ಲಿ ಬೋವಿಯಷ್ಟೇ ಗಮನ ಕೊಡ್ಬೇಕಾದ ಇನ್ನೊಬ್ಬ ಮನುಷ್ಯ ಇದ್ದಾನೆ, ಗಿಟಾರಿಸ್ಟ್ ಮಿಕ್ ರಾನ್ಸನ್. ಇಂಗ್ಲೆಂಡಿನ ಹಲ್ ಅನ್ನೋ ಊರಲ್ಲಿ ನಗರಸಭೆಯ ತೋಟದ ಮಾಲಿ ಆಗಿದ್ದವನು, ಹಳೇ ಗೆಳೆಯ ಒಬ್ಬ ಹುಡುಕ್ಕೊಂಡು ಹೋದಾಗ ಆಟದ ಮೈದಾನಕ್ಕೆ ಸುಣ್ಣದ ಗೆರೆ ಎಳೀತಿದ್ದ. ‘ಮೂನೇಜ್ ಡೇಡ್ರೀಮ್’ ಹಾಡಿನ ಕೊನೇಲಿ ಗಿಟಾರ್ ಆಕಾಶಕ್ಕೆ ಏರುತ್ತಲ್ಲ, ಅದು ಇವನೇ. ‘ಲೈಫ್ ಆನ್ ಮಾರ್ಸ್’ ಹಾಡಿನ ವಾದ್ಯವೃಂದದ ಸ್ವರಸಂಯೋಜನೆ ಕೂಡ ಇವನದೇ (ಅದು ಹಿಂದಿನ ಆಲ್ಬಮ್ಮಿಂದು, 1971, ಅದರಲ್ಲಿ ಪಿಯಾನೋ ಮತ್ತೆ ನಮ್ಮ ರಿಕ್ ವೇಕ್‌ಮನ್ ಅವರೇ). ಬೋವಿ ಇಷ್ಟು ಎತ್ತರಕ್ಕೆ ಹಾರಿದ್ದು ರಾನ್ಸನ್ ಹೆಗಲ ಮೇಲೆ ನಿಂತು, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.

ಆಲ್ಬಮ್ ಕೇಳಿದ ಮಾರನೇ ದಿನ ‘ಸ್ಟಾರ್‌ಮನ್’ ಹಾಡಿನ ಟಾಪ್ ಆಫ್ ದಿ ಪಾಪ್ಸ್ ವಿಡಿಯೋ ನೋಡಿ, ಪ್ರಸಾರ ಆಗಿದ್ದು 6 ಜುಲೈ 1972. ಎರಡು ಜಾಗ ಗಮನಿಸಿ. ಒಂದು, ‘ಸ್ಟಾರ್’ ಅನ್ನೋ ಪದದಿಂದ ‘ಮನ್’ ಅನ್ನೋಕೆ ಹೋಗುವಾಗ ದನಿ ಒಂದು ಇಡೀ ಸ್ಥಾಯಿ ಜಿಗಿಯುತ್ತೆ, ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಹಾರಿದ ಹಾಗೆ. ತಲೆ ಎತ್ತಿ ಆಕಾಶ ನೋಡಿದ ಅನುಭವ ಬರೋದು ಆ ಜಿಗಿತದಿಂದ. ಎರಡು, ಪಲ್ಲವೀಲಿ ಬೋವಿ ಸುಮ್ನೆ ಆರಾಮಾಗಿ ರಾನ್ಸನ್ ಹೆಗಲ ಮೇಲೆ ಕೈ ಹಾಕ್ತಾನೆ. ಈಗ ನೋಡಿದ್ರೆ ಅದರಲ್ಲೇನಿದೆ ಅನ್ಸುತ್ತೆ. ಇಂಗ್ಲೆಂಡಲ್ಲಿ ಗಂಡು ಗಂಡಿನ ಸಂಬಂಧ ಅಪರಾಧ ಅಲ್ಲ ಅಂತ, ಅದೂ ಷರತ್ತುಗಳ ಜೊತೆ, ಕಾನೂನು ಆಗಿದ್ದು 1967ರಲ್ಲಿ, ಐದೇ ವರ್ಷ ಹಿಂದೆ. 1972ರ ಜನವರಿಯಲ್ಲಷ್ಟೇ ಬೋವಿ ಪತ್ರಿಕೆಯೊಂದಕ್ಕೆ ತಾನು ಗೇ ಅಂತ ಹೇಳಿದ್ದ. ಅಂಥಾ ಹೊತ್ತಲ್ಲಿ ಊಟದ ಹೊತ್ತಿನ ಟೀವಿಯಲ್ಲಿ, ಅಪ್ಪ ಅಮ್ಮನ ಎದುರಿಗೇ, ಆ ಕೈ ಆ ಹೆಗಲ ಮೇಲೆ ಬಿತ್ತು. ಆ ಸಾಯಂಕಾಲ ಅದನ್ನ ನೋಡಿದ ಮಕ್ಕಳಲ್ಲಿ ಎಷ್ಟೋ ಜನ ಆಮೇಲೆ ತಾವೇ ಬ್ಯಾಂಡ್ ಕಟ್ಟಿದ್ರು, ಅಲ್ಲಿಂದಾನೇ ನಮ್ಮ ದಾರಿ ತಿರುಗಿದ್ದು ಅಂತ ಹೇಳ್ಕೊಂಡಿದ್ದಾರೆ.

1973ರಲ್ಲಿ ಬಟ್ಟೆ ಇನ್ನೂ ಮುಂದೆ ಹೋಯ್ತು, ಜಪಾನಿನ ಕನ್ಸಾಯ್ ಯಮಮೋಟೊ ಕಬುಕಿ ನಾಟಕದ ಪ್ರಭಾವದಲ್ಲಿ ವಿನ್ಯಾಸ ಮಾಡಿದ ವೇಷಗಳು, ಸ್ಟೇಜ್ ಮೇಲೇನೇ ಕಿತ್ತು ತೆಗೆದ್ರೆ ಒಳಗಿಂದ ಇನ್ನೊಂದು ವೇಷ. ಕೆಂಪು ನೀಲಿ ಮಿಂಚು ಮುಖದ ಮೇಲೆ ಅಡ್ಡ ಹಾಯ್ದಿರೋ ಆ ಫೇಮಸ್ ಚಿತ್ರ ಅದೇ ವರ್ಷದ ‘ಅಲಾಡಿನ್ ಸೇನ್’ ಆಲ್ಬಮ್ಮಿಂದು, ಜಿಗ್ಗಿದಲ್ಲ, ಟೀ ಶರ್ಟ್ ಮಾರೋರೆಲ್ಲ ಇದನ್ನ ತಪ್ಪು ಹೇಳ್ತಾರೆ. 3 ಜುಲೈ 1973ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಬೋವಿ ಇದೇ ನಮ್ಮ ಕೊನೇ ಶೋ ಅಂತ ಘೋಷಿಸಿ, ಸ್ಟೇಜ್ ಮೇಲೆ ತಾನೇ ಆಡ್ತಿದ್ದ ಜಿಗ್ಗಿ ಪಾತ್ರಾನ ಮುಗಿಸಿಬಿಟ್ಟ, ಪಕ್ಕದಲ್ಲಿ ನಿಂತಿದ್ದ ಬೇಸ್ ನುಡಿಸೋನಿಗೂ ಡ್ರಮ್ಮರಿಗೂ ಗೊತ್ತಿರ್ಲಿಲ್ಲ. ಅವರ ಜಾಗದಲ್ಲಿ ನಿಂತು ನೋಡಿದ್ರೆ ಅದು ಕ್ರೂರ.

ಹೆಜ್ಜೆ 5: ಸ್ವಲ್ಪ ವಿಚಿತ್ರದ ಕಡೆ ಹೋಗಿ

ರಾಕ್ಸಿ ಮ್ಯೂಸಿಕ್ ಅನ್ನೋ ಬ್ಯಾಂಡಿನ ‘ವರ್ಜಿನಿಯಾ ಪ್ಲೇನ್’, 1972. ಇಲ್ಲಿ ಹಳೇ ಹಾಲಿವುಡ್ ನಾಯಕನ ಥರ ಬ್ರಯಾನ್ ಫೆರಿ, ಪಕ್ಕದಲ್ಲಿ ಪುಕ್ಕ ಹಾಕ್ಕೊಂಡು ಸಿಂಥಸೈಜರ್ ಗುಂಡಿ ತಿರುಗಿಸ್ತಿರೋ ಬ್ರಯಾನ್ ಈನೋ, ಓಬೋ (ಶಹನಾಯಿ ಥರದ ಪಾಶ್ಚಾತ್ಯ ವಾದ್ಯ) ಊದೋ ಆಂಡಿ ಮೆಕೇ, ರಾಕ್ ಬ್ಯಾಂಡಲ್ಲಿ ಓಬೋ! ಹಾಡು ಸಡನ್ನಾಗಿ ನಿಂತುಹೋಗುತ್ತೆ, ನಿಮ್ಮ ನೆಟ್ ಹೋಗಿದ್ದಲ್ಲ. ಸ್ಪಾರ್ಕ್ಸ್ ಕೂಡ ಒಂದು ಕೇಳಿ, 1974ರ ‘ದಿಸ್ ಟೌನ್ ಏಂಟ್ ಬಿಗ್ ಎನಫ್ ಫಾರ್ ಬೋತ್ ಆಫ್ ಅಸ್’. ಇವು ಮೊದಲ ಸಲಕ್ಕೆ ಹಿಡಿಸ್ದಿದ್ರೆ ಬಿಡಿ, ಒಂದು ತಿಂಗಳು ಬಿಟ್ಟು ವಾಪಸ್ ಬನ್ನಿ.

ಹಾಗೇ ಮಾಟ್ ದ ಹೂಪಲ್. ಇವರು ಬ್ಯಾಂಡ್ ಮುಚ್ಚೋ ಹಂತದಲ್ಲಿದ್ದಾಗ ಬೋವಿ ‘ಆಲ್ ದ ಯಂಗ್ ಡ್ಯೂಡ್ಸ್’ ಬರೆದು ಕೊಟ್ಟ, ತನ್ನ ಹಾಡನ್ನೇ ಬೇರೆಯವರಿಗೆ ಕೊಟ್ಟು ಒಂದು ಬ್ಯಾಂಡ್ ಉಳಿಸಿದ.

ಹೆಜ್ಜೆ 6: ಪಂಚಗಣಿಯಿಂದ ಹೋದ ಹುಡುಗ

ಮಾಟ್ ದ ಹೂಪಲ್ 1973ರಲ್ಲಿ ಬ್ರಿಟನ್ ಟೂರ್ ಮಾಡಿದಾಗ ಅವರಿಗಿಂತ ಮುಂಚೆ ಸ್ಟೇಜಿಗೆ ಬರ್ತಿದ್ದ ಹೊಸ ಬ್ಯಾಂಡು ಕ್ವೀನ್. ಹಾಡ್ತಿದ್ದ ಫ್ರೆಡ್ಡಿ ಮರ್ಕ್ಯುರಿ ಹೆತ್ತವರು ಇಟ್ಟ ಹೆಸರು ಫಾರೂಖ್ ಬಲ್ಸಾರಾ, ಪಾರ್ಸಿ ಕುಟುಂಬ, ಹುಟ್ಟಿದ್ದು 1946ರಲ್ಲಿ ಜಾಂಜಿಬಾರಲ್ಲಿ, ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಸ್ಕೂಲಲ್ಲಿ. ಅಲ್ಲೇ ಗೆಳೆಯರ ಜೊತೆ ಹೆಕ್ಟಿಕ್ಸ್ ಅಂತ ಬ್ಯಾಂಡ್ ಮಾಡಿ ಪಿಯಾನೋ ನುಡಿಸ್ತಿದ್ದ. 1964ರಲ್ಲಿ ಜಾಂಜಿಬಾರ್ ಕ್ರಾಂತಿ ಆದ್ಮೇಲೆ ಮನೆಯವರೆಲ್ಲ ಇಂಗ್ಲೆಂಡಿಗೆ ಹೋದ್ರು. ನಮ್ಮ ಬೆಳಗಾವಿಯಿಂದ ಪುಣೆ ಹೈವೇ ಹಿಡಿದ್ರೆ ಬಲಕ್ಕೋ ಎಡಕ್ಕೋ ತಿರುಗಿ ಹತ್ತಿ ಹೋಗೋ ಗುಡ್ಡದ ಊರು ಅದು, ಅಲ್ಲಿನ ಸ್ಕೂಲ್ ಪಿಯಾನೋ ಮೇಲೆ ಶುರುವಾದ ಕೈ ಅಂತ ನೆನೆದ್ರೆ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತೆ.

ಕ್ವೀನ್ ಆಮೇಲೆ ಬೇರೆ ಎಲ್ಲೆಲ್ಲೋ ಹೋಯ್ತು, ಆದ್ರೆ ಶುರುವಿನ ಎರಡು ಮೂರು ವರ್ಷ ಪಕ್ಕಾ ಗ್ಲ್ಯಾಮ್. ಜಾಂಡ್ರಾ ರೋಡ್ಸ್ ಹೊಲಿದ ಬಿಳಿ ನೆರಿಗೆಯ ರೆಕ್ಕೆ ಥರದ ಅಂಗಿ, ಕಪ್ಪು ಉಗುರುಬಣ್ಣ. 1974ರ ‘ಕ್ವೀನ್ 2’ ಮತ್ತೆ ಅದೇ ವರ್ಷದ ‘ಕಿಲ್ಲರ್ ಕ್ವೀನ್’ ಕೇಳಿ, ದನಿ ಮೇಲೆ ದನಿ ಮೇಲೆ ದನಿ ಪೇರಿಸೋದು ಗಮನಿಸಿ. ಎಲ್ಲರೂ ಕೇಳಿರೋ ‘ಬೊಹೀಮಿಯನ್ ರ್ಯಾಪ್ಸಡಿ’ 1975ರದ್ದು, ಈಗ ಈ ಸಾಲಿನ ಕೊನೇಲಿ ಇಟ್ಟು ಕೇಳಿದ್ರೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ.

ಹೆಜ್ಜೆ 7: ನೀವೇ ಮಾಡಿ ನೋಡಿ

ಗಿಟಾರ್ ಇದ್ರೆ ಮೂರೇ ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಸಾಕು. ‘ಗೆಟ್ ಇಟ್ ಆನ್’ ಚರಣಕ್ಕೆ ಇ ಮತ್ತು ಎ, ಪಲ್ಲವಿಗೆ ಜಿ, ಎ, ವಾಪಸ್ ಇ. ಬಲಗೈ ಅಂಗೈಯ ಅಂಚನ್ನ ತಂತಿ ಮೇಲೆ ಹಗುರಾಗಿ ಇಟ್ಟು ಸದ್ದನ್ನ ಸ್ವಲ್ಪ ಮಂಕು ಮಾಡಿ ನುಡಿಸಿ, ಆಗ ಆ ಬೂಗಿ ನಡಿಗೆ ಬರುತ್ತೆ. ದನಿ ರೆಕಾರ್ಡ್ ಮಾಡೋದಾದ್ರೆ ಒಂದೇ ಸಾಲನ್ನ ಎರಡು ಸಲ ಹಾಡಿ ಒಂದರ ಮೇಲೊಂದು ಇಡಿ, ಸಣ್ಣ ಸಣ್ಣ ವ್ಯತ್ಯಾಸದಿಂದಾನೇ ದನಿಗೆ ಹೊಳಪು ಬರೋದು. ಚಪ್ಪಾಳೆ ಬಾತ್‌ರೂಮಲ್ಲಿ ರೆಕಾರ್ಡ್ ಮಾಡಿ, ನಾಲ್ಕೈದು ಸಲ, ಪ್ರತಿ ಸಲ ಬೇರೆ ಜಾಗದಲ್ಲಿ ನಿಂತು. ಗಿಟಾರ್ ಇಲ್ದಿದ್ರೂ ಪರವಾಗಿಲ್ಲ, ಫೋನಲ್ಲಿ ಚಪ್ಪಾಳೆ ಮತ್ತೆ ಕಾಲಿನ ಸದ್ದು ಪೇರಿಸಿದ್ರೇನೇ ಅರ್ಧ ಗ್ಲ್ಯಾಮ್ ಹಾಡು ರೆಡಿ.

ಕಾಲೇಜ್ ಫೆಸ್ಟಿಗೋ ಪಾರ್ಟಿಗೋ ಮುಖಕ್ಕೆ ಹಚ್ಕೊಳ್ಳೋರಿಗೆ ಒಂದೇ ಎಚ್ಚರಿಕೆ. ಸ್ಟೇಷನರಿ ಅಂಗಡೀಲಿ ಸಿಗೋ ಕ್ರಾಫ್ಟ್ ಗ್ಲಿಟರ್ ಕಣ್ಣಿನ ಹತ್ತಿರ ಖಂಡಿತ ಬೇಡ, ಕಣ್ಣುಗುಡ್ಡೆ ಗೀರಿಬಿಡುತ್ತೆ. ಮೇಕಪ್ ಅಂಗಡೀಲಿ ಕಣ್ಣಿಗೆ ಅಂತಾನೇ ಬರೆದಿರೋ ಗ್ಲಿಟರ್ ತಗೊಳ್ಳಿ, ಮೊದಲು ಕೈ ಮೇಲೆ ಹಚ್ಚಿ ಒಂದು ದಿನ ಬಿಟ್ಟು ನೋಡಿ, ಕಣ್ಣಿನ ಕೆಳಗೆ ಕೆನ್ನೆ ಮೂಳೆ ಮೇಲೆ ಮಾತ್ರ ಹಚ್ಚಿ, ತೆಗೆಯುವಾಗ ಉಜ್ಜದೆ ಟೇಪ್ ಅಂಟಿಸಿ ಮೆಲ್ಲಗೆ ಎತ್ತಿ.

ಹೆಜ್ಜೆ 8: ಇದನ್ನ ಕೊನೆಗೇ ನೋಡಿ

1974, 75ರ ಹೊತ್ತಿಗೆ ಗ್ಲ್ಯಾಮ್ ಆರಿಹೋಯ್ತು. ಬೋವಿ ಅಮೆರಿಕದ ಸೋಲ್ ಸಂಗೀತದ ಕಡೆ ಹೋದ. ನ್ಯೂಯಾರ್ಕಲ್ಲಿ ಲಿಪ್‌ಸ್ಟಿಕ್ ಹಚ್ಕೊಂಡು ಗಲಾಟೆ ಎಬ್ಬಿಸಿದ ನ್ಯೂಯಾರ್ಕ್ ಡಾಲ್ಸ್ ಒಡೀತು, ಅವರ ಕೊನೇ ದಿನಗಳನ್ನ ನೋಡ್ಕೊಂಡ ಮಾಲ್ಕಮ್ ಮೆಕ್ಲಾರೆನ್ ಲಂಡನ್ನಿಗೆ ವಾಪಸ್ ಬಂದು ಸೆಕ್ಸ್ ಪಿಸ್ಟಲ್ಸ್‌ಗೆ ಮ್ಯಾನೇಜರ್ ಆದ್ರು, ಪಂಕ್ ಅನ್ನೋ ಒರಟು ರಾಕ್ ಶುರುವಾಯ್ತು. ಬೋಲನ್ ಹಾಡು ಯಾರೂ ಅಷ್ಟಾಗಿ ಕೊಳ್ತಿರ್ಲಿಲ್ಲ. ಆದ್ರೂ ಅವನು ಪಂಕ್ ಹುಡುಗರ ಮೇಲೆ ಹೊಟ್ಟೆಕಿಚ್ಚು ಪಡ್ಲಿಲ್ಲ, 1977ರಲ್ಲಿ ‘ಮಾರ್ಕ್’ ಅಂತ ಮಕ್ಕಳ ಟೀವಿ ಕಾರ್ಯಕ್ರಮ ಸಿಕ್ಕಾಗ ದ ಜ್ಯಾಮ್, ಜನರೇಷನ್ ಎಕ್ಸ್ ಅಂಥಾ ಹೊಸಬರನ್ನ ಕರೆದು ಹಾಡಿಸಿದ.

ಕೊನೇ ಸಂಚಿಕೆಗೆ ಬೋವಿ ಬಂದ, 7 ಸೆಪ್ಟೆಂಬರ್ 1977. ಹದಿಹರೆಯದಿಂದ ಪರಿಚಯ ಇಬ್ಬರಿಗೂ, ಗೆಳೆತನಾನೂ ಪೈಪೋಟಿನೂ ಎರಡೂ ಇತ್ತು. ಕೊನೇಲಿ ಇಬ್ಬರೂ ಒಟ್ಟಿಗೆ ಒಂದು ಹಾಡು ಶುರು ಮಾಡ್ತಾರೆ, ಗಿಟಾರ್ ರಿಫ್ ಹಿಡ್ಕೊಳ್ತು ಅನ್ನೋಷ್ಟರಲ್ಲಿ ಬೋಲನ್ ಎಡವಿ ಸ್ಟೇಜಿಂದ ಕೆಳಗೆ ಬೀಳ್ತಾನೆ, ಬೋವಿ ಮುಖದಲ್ಲಿ ನಗು ಬರುತ್ತೆ, ಟೈಮ್ ಮುಗೀತು ಅಂತ ಕಾರ್ಯಕ್ರಮ ಅಲ್ಲಿಗೇ ನಿಲ್ಲುತ್ತೆ. ಒಂಬತ್ತು ದಿನ ಆದ್ಮೇಲೆ 16 ಸೆಪ್ಟೆಂಬರ್ ಬೆಳಗಿನ ಜಾವ ಲಂಡನ್ನಿನ ಬಾರ್ನ್ಸ್ ಹತ್ತಿರ ಕಾರು ಅಪಘಾತದಲ್ಲಿ ಬೋಲನ್ ಹೋಗ್ಬಿಟ್ಟ, ಮೂವತ್ತು ತುಂಬೋಕೆ ಎರಡು ವಾರ ಇತ್ತು. ಆ ಸಂಚಿಕೆ ಪ್ರಸಾರ ಆಗಿದ್ದು ಅವನು ಸತ್ತ ಮೇಲೆ.

ಆ ವಿಡಿಯೋ ನೋಡಿ. ನೋಡಿದ್ಮೇಲೆ ಲೈಟ್ ಆರಿಸಿ ‘ಹಾಟ್ ಲವ್’ ಹಾಕಿ, ಕೊನೆಗೆ ಲಾ ಲಾ ಲಾ ಅಂತ ಎಲ್ಲರೂ ಸೇರಿ ಹಾಡ್ತಾನೇ ಇರ್ತಾರಲ್ಲ, ಅದು ಪೂರ್ತಿ ಕರಗೋ ತನಕ ಆಫ್ ಮಾಡ್ಬೇಡಿ.